ಮತ ಬಿಟ್ಟ ತಮ್ಮ ಅಪ್ಪನ ತಿಥಿಗೆ ಬರಬಹುದೇ?

ಪ್ರಶ್ನೆ: ನಾವು ಮೊಳಕಾಲ್ಮುರಿನ ನೇಯ್ಗೆ ಮನೆತನದವರು. ನಾನು ಇಪ್ಪತ್ತೆರಡು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಅಪ್ಪ ಕೊನೆಗಾಲದಲ್ಲಿ ಚಳ್ಳಕೆರೆಯ ಮನೆಯಲ್ಲಿದ್ದರು, ಅಮ್ಮ ಈಗಲೂ ಅಲ್ಲೇ ಇದ್ದಾರೆ. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು. ಪ್ರತಿ ವರ್ಷ ನಾನೇ ಹೋಗಿ ತಿಥಿ ಮಾಡಿ ಎಡೆ ಇಟ್ಟು ಬರ್ತೀನಿ. ನನ್ನ ತಮ್ಮ ಮೊಳಕಾಲ್ಮುರಿನಲ್ಲಿ ಕೂಲಿಗೆ ನೇಯ್ತಾನೆ. ಹೆಂಡತಿಗೆ ಕಾಯಿಲೆ ಆದಾಗ ಚರ್ಚಿಗೆ ಹೋಗೋಕೆ ಶುರು ಮಾಡಿ, ಆಮೇಲೆ ದೀಕ್ಷಾಸ್ನಾನವನ್ನೂ ತಗೊಂಡ. ಅಪ್ಪ ಹೋದ ದಿನ ಅವನು ತಲೆ ಬೋಳಿಸಿಕೊಳ್ಳಲಿಲ್ಲ, ಬಾಯಿಗೆ ಅಕ್ಕಿ ಹಾಕಲಿಲ್ಲ. ಮೂಲೆಯಲ್ಲಿ ನಿಂತು ಕಣ್ಣು ಮುಚ್ಚಿ ಏನೋ ಪ್ರಾರ್ಥನೆ ಮಾಡಿದ. ನೆಂಟರ ಮುಂದೆ ಆದ ಅವಮಾನ ಇವತ್ತಿಗೂ ಮರೆತಿಲ್ಲ. ಅವತ್ತಿಂದ ನಮ್ಮಿಬ್ಬರಿಗೂ ಮಾತಿಲ್ಲ.

ಈಗ ಅವನೇ ಫೋನಿಗೆ ಮೆಸೇಜ್ ಕಳಿಸಿದ್ದಾನೆ. ಈ ಸಲ ತಿಥಿಗೆ ಬರ್ತಾನಂತೆ. ದೇವರಿಗೆ ಕಾಣಿಕೆ ಕೊಡೋ ಮುಂಚೆ ಅಣ್ಣತಮ್ಮಂದಿರು ಸಮಾಧಾನ ಆಗಬೇಕು ಅಂತ ಬೈಬಲಿನಲ್ಲಿ ಇದೆಯಂತೆ. ಅಮ್ಮ ಬೇರೆ, "ಇಬ್ಬರೂ ಬಂದ್ರೆ ದೀಪ ಹಚ್ತೀನಿ, ಇಲ್ಲಾಂದ್ರೆ ನೀನೊಬ್ಬನೇ ಮಾಡ್ಕೊ" ಅಂತ ಕೂತಿದ್ದಾರೆ. ಅವನು ಬಂದರೆ ಕರ್ಮಕ್ಕೆ ಮೈಲಿಗೆ ಆಗುತ್ತಾ? ಎಡೆಯ ಊಟ ಅವನಿಗೆ ಬಡಿಸಬಹುದಾ? ಬೈಬಲ್ ಮಾತು ಕೇಳಿ ನಡೆದರೆ ಪಿತೃಗಳಿಗೆ ದೋಷವಾ? ಇನ್ನೊಂದು ವಿಷಯ: ಮಗ್ಗದ ಮನೆ ಮಾರಿದ ದುಡ್ಡಿನಲ್ಲಿ ಅವನ ಪಾಲು ನನ್ನ ಹತ್ತಿರವೇ ಇದೆ. ಕೊಟ್ಟರೆ ಚರ್ಚಿಗೆ ಹೋಗುತ್ತೆ ಅಂತ ಕೊಟ್ಟಿಲ್ಲ. ತಿಥಿ ಖರ್ಚನ್ನೂ ಅದರಲ್ಲೇ ಮಾಡ್ತಾ ಬಂದಿದೀನಿ. ಇದು ಸರಿ ತಾನೇ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಹೇಳುವುದು ಸುಲಭ. "ಇನ್ನೊಂದು ವಿಷಯ" ಅಂತ ಕೊನೆಯಲ್ಲಿ ಸೇರಿಸಿದ್ದೀರಲ್ಲ, ನಿಜವಾದ ಪ್ರಶ್ನೆ ಅದೇ. ಅದಕ್ಕೆ ಆಮೇಲೆ ಬರೋಣ.

ಮೊದಲು ಕರ್ಮದ ವಿಚಾರ. ತಂದೆಯ ತಿಥಿಯನ್ನು ಹಿರಿಯ ಮಗ ಮಾಡುವುದು ರೂಢಿ. ಅದನ್ನು ನೀವು ಮಾಡುತ್ತಿದ್ದೀರಿ, ಮುಂದೆಯೂ ನೀವೇ ಮಾಡಿ. ಧರ್ಮಶಾಸ್ತ್ರಗಳು ಪಿಂಡ ತರ್ಪಣಗಳನ್ನು ಆ ಆಚಾರದಲ್ಲಿ ಇರುವವರಿಗೇ ಬಿಟ್ಟಿವೆ. ನಿಮ್ಮ ತಮ್ಮನೂ ಎಡೆ ಇಡುತ್ತೇನೆ ಅಂತ ಕೇಳಿಲ್ಲ, ಬರುತ್ತೇನೆ ಅಂತ ಮಾತ್ರ ಕೇಳಿದ್ದಾನೆ. ಹಾಗಾಗಿ ಅಧಿಕಾರದ ಜಗಳವೇ ಇಲ್ಲಿ ಏಳುವುದಿಲ್ಲ. ಹುಟ್ಟಿದ ಮನೆಗೆ ಮಗ ಬಂದು ಅಮ್ಮನ ಪಕ್ಕ ಕೂತರೆ ಮೈಲಿಗೆ ಆಗುವುದಿಲ್ಲ. ಅಪ್ಪನನ್ನು ನೆನೆಯಲು ಬಂದವನನ್ನು ಬಾಗಿಲಲ್ಲಿ ತಡೆದರೆ ಮಾತ್ರ ಆ ದಿನ ಕೆಡುತ್ತದೆ.

ನಿಮ್ಮ ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ನಿಮಗೆ ಗೊತ್ತೇ ಇದೆ. ಸೀತೆಯನ್ನು ಬಿಡಿಸಲು ಹೋಗಿ ರಾವಣನ ಕೈಯಲ್ಲಿ ಜಟಾಯು ಬಿದ್ದದ್ದು ಅಲ್ಲೇ ಅಂತ ಆ ಕಡೆಯ ಜನ ನಂಬಿ ಬೆಟ್ಟ ಹತ್ತುತ್ತಾರೆ. ರಾಮ ಏನು ಮಾಡಿದ? ಕುಲ ಬೇರೆ, ಜಾತಿ ಬೇರೆ, ಮನುಷ್ಯನೂ ಅಲ್ಲದ ಒಂದು ಹಕ್ಕಿಗೆ ತನ್ನ ಬಂಧುವಿಗೆ ಮಾಡುವಂತೆ ಚಿತೆ ಇಟ್ಟ, ತರ್ಪಣ ಬಿಟ್ಟ. ತಂದೆ ದಶರಥನ ಅಂತ್ಯಕರ್ಮಕ್ಕೆ ಅವನು ಹತ್ತಿರ ಇರಲಿಲ್ಲ, ಜಟಾಯುವಿಗೆ ಮಾತ್ರ ಕೈಯಾರೆ ಮಾಡಿದ. ಆ ಬೆಟ್ಟದ ನೆರಳಿನಲ್ಲಿ ಬೆಳೆದ ನಾವು ಒಡಹುಟ್ಟಿದವನನ್ನು ಬಾಗಿಲ ಹೊರಗೆ ನಿಲ್ಲಿಸುವುದು ಒಪ್ಪುವ ಮಾತೇ?

ಊಟದ ವಿಚಾರದಲ್ಲಿ ನೀವು ನಿಮ್ಮ ಕಡೆಯಿಂದ ಮಾತ್ರ ಯೋಚಿಸಿದ್ದೀರಿ. ಎಡೆಗೆ ಇಟ್ಟ ಅನ್ನವನ್ನು ಅವನಿಗೆ ಬಡಿಸಬಹುದೇ ಅಂತ ಕೇಳಿದಿರಿ. ಅವನು ಅದನ್ನು ತಿನ್ನಬಹುದೇ ಅಂತಲೂ ಕೇಳಬೇಕು. ಅವರಲ್ಲೂ ಇದು ಹಳೆಯ ಪ್ರಶ್ನೆಯೇ. ಪೌಲನೆಂಬ ಅವರ ಹಿರಿಯ ಕೊರಿಂಥ ಊರಿನ ಸಭೆಗೆ ಬರೆದ ಮೊದಲ ಪತ್ರದಲ್ಲಿ ನೈವೇದ್ಯಕ್ಕೆ ಇಟ್ಟ ಪದಾರ್ಥ ತಿನ್ನಬಹುದೇ ಅನ್ನುವ ಚರ್ಚೆಯನ್ನು ಸಾಕಷ್ಟು ಉದ್ದಕ್ಕೆ ಮಾಡಿದ್ದಾನೆ. ಅವನ ಮಾತಿನ ಸಾರದಲ್ಲಿ ಒಂದು ಅಂಶ ನಮಗೂ ಬೇಕಾದದ್ದು: ತಿನ್ನುವ ವಿಚಾರದಲ್ಲಿ ನನ್ನ ಹಕ್ಕಿಗಿಂತ ಪಕ್ಕದವನ ಮನಸ್ಸಾಕ್ಷಿ ದೊಡ್ಡದು. ನಮ್ಮಲ್ಲೂ ಉಪವಾಸ ಇರುವವರ ಮುಂದೆ ತಟ್ಟೆ ಇಟ್ಟು ಪರೀಕ್ಷೆ ಮಾಡುವುದಿಲ್ಲ. ಹಾಗಾಗಿ ಮುಂಚೆಯೇ ಫೋನ್ ಮಾಡಿ ಕೇಳಿ. ಅವನು ಬೇಡ ಅಂದರೆ ಎಡೆಗೆ ಇಡದ ಅನ್ನ, ಸಾರು ಬೇರೆ ಒಲೆಯ ಮೇಲೆ ಮಾಡಿಸಿ, ಅಮ್ಮನ ಕೈಯಿಂದಲೇ ಬಡಿಸಿ. ಎಡೆಯ ಪ್ರಸಾದವನ್ನು ಎಲ್ಲರ ಮುಂದೆ ಕೈಗೆ ಕೊಟ್ಟು "ತಿಂತಾನೋ ಇಲ್ವೋ ನೋಡೋಣ" ಅನ್ನುವ ಆಟ ಮಾತ್ರ ಬೇಡ.

ಈಗ ಅವನು ಕಳಿಸಿದ ಮಾತಿಗೆ ಬರೋಣ. ಅದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ, ಯೇಸುವಿನ ಪರ್ವತ ಪ್ರಸಂಗದ ಭಾಗ. ಭಾವ ಹೀಗಿದೆ: ನೀನು ಯಜ್ಞವೇದಿಯ ಹತ್ತಿರ ಕಾಣಿಕೆ ತಂದಿರುವಾಗ, ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಒಂದಾಗು; ಆಮೇಲೆ ಬಂದು ಕಾಣಿಕೆ ಅರ್ಪಿಸು.

ಇದರಲ್ಲಿ ಮೂರು ವಿಷಯ ಗಮನಿಸಿ. ಒಂದು, ಕಾಣಿಕೆ ಬೇಡ, ಪೂಜೆ ದಂಡ ಅಂತ ಇಲ್ಲಿ ಹೇಳಿಲ್ಲ. ವಾಪಸ್ ಬಂದು ಅರ್ಪಿಸು ಅಂತಲೇ ಹೇಳಿದೆ. ಕರ್ಮವನ್ನು ಬಿಡಿಸುವ ಮಾತು ಇದಲ್ಲ, ಯಾವುದು ಮೊದಲು ಯಾವುದು ಆಮೇಲೆ ಅಂತ ಕ್ರಮ ಹೇಳುವ ಮಾತು. ಎರಡು, ಆ ಮಾತು ಕೇಳಿದವರು ಗಲಿಲಾಯ ಸೀಮೆಯ ಜನ. ಯಜ್ಞವೇದಿ ಇದ್ದದ್ದು ಜೆರುಸಲೇಮಿನ ದೇವಾಲಯದಲ್ಲಿ. ಅಲ್ಲಿಂದ ಊರಿಗೆ ನಡೆದು ಹೋಗಿ ಮತ್ತೆ ಬರುವುದೆಂದರೆ ಹಲವು ದಿನಗಳ ಕೆಲಸ. ಅಷ್ಟು ಕಷ್ಟವಾದರೂ ಹೋಗು ಅಂತ ಹೇಳಿದ್ದು. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಬಸ್ಸು ಹತ್ತಿದರೆ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರಬಹುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಿನಗೆ ಸಹೋದರನ ಮೇಲೆ ಸಿಟ್ಟಿದ್ದರೆ ಅಂತ ಅಲ್ಲಿ ಹೇಳಿಲ್ಲ. ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಅಂತ ಹೇಳಿದೆ. ನಿಮ್ಮ ಪತ್ರದ ತುಂಬ ತಮ್ಮ ನಿಮಗೆ ಏನು ಮಾಡಿದ ಅನ್ನುವ ಪಟ್ಟಿ ಇದೆ. ಆ ಮಾತು ಕೇಳುವುದು ಇನ್ನೊಂದು ಪಟ್ಟಿಯನ್ನು. ತಮ್ಮನ ಹತ್ತಿರ ನಿಮ್ಮ ಬಗ್ಗೆ ಇರುವ ಪಟ್ಟಿಯಲ್ಲಿ ಏನಿರಬಹುದು? ಅದನ್ನು ನೀವೇ ಪತ್ರದ ಕೊನೆಯಲ್ಲಿ ಬರೆದುಬಿಟ್ಟಿದ್ದೀರಿ.

ನೇಯ್ಗೆ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸಿನಲ್ಲಿ ಒಂದು ಎಳೆ ಕಡಿದರೆ ನೇಕಾರ ಮಗ್ಗ ನಿಲ್ಲಿಸುತ್ತಾನೆ. ಎಳೆ ಹುಡುಕಿ ಗಂಟು ಹಾಕಿ ಆಮೇಲೆ ಲಾಳಿ ಓಡಿಸುತ್ತಾನೆ. ಕಡಿದ ಎಳೆಯನ್ನು ಹಾಗೇ ಬಿಟ್ಟು ಎಷ್ಟೇ ಚೆಂದದ ಸೆರಗು ನೇಯ್ದರೂ ಸೀರೆ ಬಿಚ್ಚಿದಾಗ ಕಾಣುವುದು ಆ ಗೀರು. ನಿಮ್ಮ ಅಪ್ಪ ಜೀವಮಾನವೆಲ್ಲ ಮಾಡಿದ ಕೆಲಸ ಇದು.

"ಬೈಬಲ್ ಮಾತು ಕೇಳಿ ನಡೆದರೆ ದೋಷವಾ?" ಅಂತ ಕೇಳಿದಿರಿ. ದೋಷವಿಲ್ಲ. ಗಾಂಧೀಜಿ ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇದೇ ಪರ್ವತ ಪ್ರಸಂಗವನ್ನು ಓದಿ, ಅದು ನೇರವಾಗಿ ಹೃದಯಕ್ಕೆ ಮುಟ್ಟಿತು ಅಂತ ಆತ್ಮಕಥೆಯಲ್ಲಿ ಬರೆದುಕೊಂಡರು, ಗೀತೆಯ ಜೊತೆ ಇಟ್ಟು ನೋಡಿದರು. ಕೊನೆಯವರೆಗೂ ರಾಮನಾಮ ಹೇಳುವ ಹಿಂದುವಾಗಿಯೇ ಉಳಿದರು. ಒಳ್ಳೆಯ ಮಾತನ್ನು ತಗೊಳ್ಳುವುದಕ್ಕೆ ಮನೆ ಬದಲಿಸಬೇಕಾಗಿಲ್ಲ. ಬೈಬಲ್ ಕನ್ನಡಕ್ಕೆ ಬಂದ ದಾರಿಯೂ ನಿಮ್ಮ ಪಕ್ಕದ್ದೇ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅನ್ನುವ ಪಾದ್ರಿ ಅಲ್ಲೇ ಕೂತು ಕನ್ನಡ ಕಲಿತು ಅನುವಾದಕ್ಕೆ ಕೈ ಹಾಕಿದರು. 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು.

ಅದಕ್ಕೂ ಬಹಳ ಹಿಂದಿನ ಮಾತು ನಿಮ್ಮೂರ ಬಂಡೆಯ ಮೇಲೆಯೇ ಇದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಕ್ರಿ.ಪೂ. 3ನೇ ಶತಮಾನದ ಆ ಬರಹ ದೊಡ್ಡ ತತ್ತ್ವವನ್ನೇನೂ ಹೇಳುವುದಿಲ್ಲ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳ ಜೊತೆ ತಕ್ಕ ಹಾಗೆ ನಡೆದುಕೊಳ್ಳಬೇಕು. ಇದೇ ಹಳೆಯ ಕಾಲದಿಂದ ಬಂದ ರೀತಿ ಅನ್ನುತ್ತದೆ. ಅದೇ ಅಶೋಕನ ಇನ್ನೊಂದು ಶಾಸನ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದ್ದು, ತನ್ನ ಮತವನ್ನು ಹೊಗಳಲು ಇನ್ನೊಬ್ಬರ ಮತವನ್ನು ತೆಗಳುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ ಅನ್ನುವ ಭಾವವನ್ನು ಹೇಳುತ್ತದೆ. ಬೌದ್ಧ ರಾಜ ಬರೆಸಿದ್ದು ಅಂತ ನಾವು ತಾಯಿಯ ಮಾತು ಕೇಳುವುದನ್ನು ಬಿಡುತ್ತೇವೆಯೇ? ಯೇಸು ಹೇಳಿದ್ದು ಅಂತ ತಮ್ಮನ ಜೊತೆ ಒಂದಾಗುವುದನ್ನು ಬಿಡಬೇಕೇ?

ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಎಲ್ಲ ಧರ್ಮವೂ ಒಂದೇ ಅಂತ ಹಾರಿಕೆಯ ಮಾತಾಡಿ ಮುಗಿಸುವುದು ನಿಮ್ಮ ತಮ್ಮನಿಗೂ ಮರ್ಯಾದೆ ಅಲ್ಲ, ನಮಗೂ ಅಲ್ಲ. ಅವನಿಗೆ ಈ ಮಾತು ಬರೀ ನೀತಿಯ ಮಾತಲ್ಲ. ಯೇಸುವಿನ ಮರಣದ ಮೂಲಕ ದೇವರೇ ತನ್ನನ್ನು ಕ್ಷಮಿಸಿದ್ದಾನೆ, ಅದಕ್ಕೆ ತಾನೂ ಕ್ಷಮಿಸಬೇಕು ಅನ್ನುವುದು ಅವನ ನಂಬಿಕೆ. ನಮ್ಮ ನಂಬಿಕೆಯ ಬೇರು ಬೇರೆ. ಅದನ್ನು ಅವನೂ ತಿಳಿಯಲಿ, ನೀವೂ ತಿಳಿಯಿರಿ. ತಿಥಿಯ ದಿನ ಅವನು ನಿಮಗೆ ಬೋಧನೆ ಮಾಡುವುದು ಬೇಡ, ನೀವು ಅವನನ್ನು ವಾಪಸ್ ಕರೆಯುವ ವಾದವೂ ಬೇಡ. ಆ ದಿನ ಅಪ್ಪನದು.

ಈಗ ದುಡ್ಡಿನ ವಿಚಾರ. ಸ್ವಲ್ಪ ಕಹಿಯಾಗಬಹುದು, ಕ್ಷಮಿಸಿ.

ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಅನ್ನುವ ಮೂರು ಸಾಲ ಹೊತ್ತು ಹುಟ್ಟುತ್ತಾನೆ ಅಂತ ತೈತ್ತಿರೀಯ ಸಂಹಿತೆ ಹೇಳುತ್ತದೆ. ನಮ್ಮ ರೂಢಿಯಲ್ಲಿ ತಿಥಿ ಮಾಡುವುದೂ ಪಿತೃಋಣ ತೀರಿಸುವ ದಾರಿಯೇ. ಆಶ್ಚರ್ಯವೆಂದರೆ, ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ, ಮತ್ತಾಯನ ಗ್ರೀಕ್ ಮೂಲದಲ್ಲಿ, ತಪ್ಪುಗಳಿಗೆ ಬಳಸಿದ ಪದದ ಅರ್ಥವೂ ಸಾಲ ಅಂತಲೇ. ಎರಡೂ ಕಡೆ ಮನುಷ್ಯನನ್ನು ಸಾಲಗಾರನಾಗಿ ನೋಡಿದ್ದಾರೆ. ಹಾಗಿರುವಾಗ ತಮ್ಮನಿಗೆ ಕೊಡಬೇಕಾದದ್ದನ್ನು ಇಟ್ಟುಕೊಂಡು ಅಪ್ಪನ ಸಾಲ ತೀರಿಸುತ್ತೇನೆ ಅನ್ನುವುದು ಹೇಗೆ? ಒಬ್ಬರ ಕೈಯಿಂದ ಕಿತ್ತು ಇನ್ನೊಬ್ಬರ ಸಾಲ ತೀರಿಸಿದ ಹಾಗೆ. ಅಪ್ಪ ಈಗ ಇದ್ದಿದ್ದರೆ ಆ ಎಡೆಗೆ ಕೈ ಹಾಕುತ್ತಿದ್ದರಾ? ನೀವೇ ಯೋಚನೆ ಮಾಡಿ.

ಮೈಲಿಗೆಯ ಬಗ್ಗೆ ಕೇಳಿದಿರಿ. ಮನುಸ್ಮೃತಿಯ 5ನೇ ಅಧ್ಯಾಯದಲ್ಲಿ ಶುದ್ಧಿಯ ವಿಚಾರ ಬಂದಾಗ, ಎಲ್ಲ ಶುದ್ಧಿಗಳಲ್ಲೂ ಅರ್ಥಶುದ್ಧಿ, ಅಂದರೆ ದುಡ್ಡಿನ ಶುದ್ಧಿಯೇ ದೊಡ್ಡದು ಅನ್ನುವ ಮಾತಿದೆ. ಮಣ್ಣು ನೀರಿನಿಂದ ಬರುವ ಶುದ್ಧಿಯನ್ನು ಅದರ ಕೆಳಗೆ ಇಟ್ಟಿದ್ದಾರೆ. ನಿಮ್ಮ ಮನೆಯ ತಿಥಿಗೆ ಮೈಲಿಗೆ ಅಂತ ಏನಾದರೂ ಇದ್ದರೆ ಅದು ತಮ್ಮ ಹೊಸಿಲು ದಾಟುವುದರಿಂದ ಬರುವುದಲ್ಲ. ನಾಲ್ಕು ವರ್ಷದಿಂದ ಅವನ ಪಾಲಿನಲ್ಲಿ ಅಕ್ಕಿ ಬೇಳೆ ತಂದಿದ್ದೀರಲ್ಲ, ಅದರಿಂದ ಬಂದದ್ದು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ಜನ ಹೇಳುವ ಮಾತು ನಿಮಗೂ ಬಾಯಿಪಾಠ ಇರಬೇಕು: ಮಾಡಿದಷ್ಟು ನೀಡು ಭಿಕ್ಷೆ. ಅಲ್ಲಿ ಬೇರೆಯವರ ಜೋಳಿಗೆಯಿಂದ ತೆಗೆದು ಕೊಟ್ಟದ್ದು ನಮ್ಮ ಲೆಕ್ಕಕ್ಕೆ ಸೇರುವುದಿಲ್ಲ.

"ಕೊಟ್ಟರೆ ಚರ್ಚಿಗೆ ಹೋಗುತ್ತೆ" ಅಂತ ಬರೆದಿದ್ದೀರಿ. ಹೋಗಲಿ. ಅವನ ಪಾಲನ್ನು ಅವನು ಏನು ಮಾಡುತ್ತಾನೋ ಅದು ಅವನ ಲೆಕ್ಕ. ನಿಮ್ಮ ಪಾಲನ್ನು ನೀವು ತಿರುಪತಿಯ ಹುಂಡಿಗೆ ಹಾಕಿದರೆ ಅವನು ತಡೆಯಲು ಬರುತ್ತಾನೆಯೇ? ಕೂಲಿಗೆ ನೇಯುವವನು, ಮನೆಯಲ್ಲಿ ಹೆಂಡತಿಗೆ ಕಾಯಿಲೆ ಬಂದು ಹೋದದ್ದು, ಬಹುಶಃ ಆ ದುಡ್ಡು ಚರ್ಚಿಗಿಂತ ಮೊದಲು ಔಷಧಿ ಅಂಗಡಿಗೆ ಹೋಗಬೇಕಿತ್ತು. ಕಾನೂನೂ ನಿಮ್ಮ ಕಡೆಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮತ ಬದಲಿಸಿದ ಮಾತ್ರಕ್ಕೆ ಮಗನಿಗೆ ತಂದೆಯ ಆಸ್ತಿಯಲ್ಲಿ ಇರುವ ಪಾಲು ತಪ್ಪುವುದಿಲ್ಲ. ಬೇಕಾದರೆ ಒಬ್ಬ ವಕೀಲರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಆದರೆ ಕೋರ್ಟು ಹೇಳುವವರೆಗೂ ಕಾಯುವ ವಿಚಾರ ಅಲ್ಲ ಇದು.

ತಮ್ಮ ಕಳಿಸಿದ ಪುಸ್ತಕದಲ್ಲೇ, ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ, ಜಕ್ಕಾಯನ ಕಥೆ ಬರುತ್ತದೆ. ಜೆರಿಕೊ ಊರಿನ ಸುಂಕದ ಅಧಿಕಾರಿ, ದುಡ್ಡು ಮಾಡಿಕೊಂಡವನು. ಯೇಸು ತನ್ನ ಮನೆಗೆ ಬಂದಾಗ ಅವನು ಬರೀ ಕಣ್ಣೀರು ಹಾಕಲಿಲ್ಲ, ಕೈ ಮುಗಿದು ಸುಮ್ಮನಾಗಲೂ ಇಲ್ಲ. ಅರ್ಧ ಆಸ್ತಿ ಬಡವರಿಗೆ, ಯಾರಿಂದ ಮೋಸದಿಂದ ತಗೊಂಡಿದ್ದೆನೋ ಅವರಿಗೆ ನಾಲ್ಕರಷ್ಟು ವಾಪಸ್ ಅಂತ ಎದ್ದು ನಿಂತು ಹೇಳಿದ. ರಾಜಿ ಅಂದರೆ ತಬ್ಬಿಕೊಂಡು ಫೋಟೋ ತೆಗೆಸಿಕೊಳ್ಳುವುದಲ್ಲ, ಲೆಕ್ಕ ಚುಕ್ತಾ ಮಾಡುವುದು. ನಿಮಗೆ ನಾಲ್ಕರಷ್ಟು ಕೊಡಿ ಅಂತ ನಾನು ಹೇಳುವುದಿಲ್ಲ. ಅಸಲು ಪೂರ್ತಿ ಕೊಡಿ, ತಿಥಿಗೆ ಖರ್ಚು ಮಾಡಿದ್ದನ್ನೂ ತುಂಬಿಕೊಡಿ.

ಇನ್ನು ನಿಮ್ಮ ನೋವು. ಅಪ್ಪನ ಹೆಣದ ಮುಂದೆ ತಮ್ಮ ದೂರ ನಿಂತದ್ದು ನಿಮಗೆ ಆದ ನಿಜವಾದ ಗಾಯ. ಅದನ್ನು ಮರೆತುಬಿಡಿ ಅಂತ ಹೇಳುವುದು ಸುಲಭ, ನಾನು ಹೇಳುವುದಿಲ್ಲ. ಮಹಾಭಾರತದ ವನಪರ್ವದಲ್ಲಿ ಪ್ರಹ್ಲಾದ ತನ್ನ ಮೊಮ್ಮಗ ಬಲಿಗೆ ಹೇಳುವ ಮಾತಿದೆ: ಯಾವಾಗಲೂ ಸಿಟ್ಟೂ ಒಳ್ಳೆಯದಲ್ಲ, ಯಾವಾಗಲೂ ಕ್ಷಮೆಯೂ ಒಳ್ಳೆಯದಲ್ಲ, ಸಮಯ ನೋಡಿ ನಡೆಯಬೇಕು. ನಿಮ್ಮ ಸಿಟ್ಟಿಗೆ ನಾಲ್ಕು ವರ್ಷ ಸಿಕ್ಕಿದೆ, ಈಗ ಇನ್ನೊಂದಕ್ಕೆ ಸಮಯ ಬಂದಿದೆ. ತಮ್ಮ ತಾನಾಗಿ ಬಾಗಿಲು ತಟ್ಟಿದ್ದಾನೆ. ಸಿಟ್ಟನ್ನು ಅವನ ಮುಖಕ್ಕೇ ಹೇಳಿ: "ಅವತ್ತು ನೀನು ಒಂದು ಹಿಡಿ ಅಕ್ಕಿ ಹಾಕಲಿಲ್ಲ, ನನಗೆ ತುಂಬಾ ನೋವಾಯ್ತು." ಅವನು ಮೂಲೆಯಲ್ಲಿ ನಿಂತು ಏನು ಪ್ರಾರ್ಥನೆ ಮಾಡಿದ ಅಂತಲೂ ಕೇಳಿ. ಇಲ್ಲಿಯವರೆಗೂ ನೀವು ಕೇಳಿಲ್ಲ ಅಂತ ಕಾಣುತ್ತದೆ. ಅಪ್ಪನಿಗೋಸ್ಕರ ಅತ್ತಿರಲೂಬಹುದು. ನಿಮ್ಮ ಕೈಯಲ್ಲಿ ಅಕ್ಕಿ ಇತ್ತು, ಅವನಿಗೆ ಅದೊಂದೇ ಇತ್ತು.

ಹಾಗಾದರೆ ಮಾಡಬೇಕಾದದ್ದು ಇಷ್ಟು. ತಿಥಿಗೆ ಒಂದು ವಾರ ಇರುವಾಗಲೇ ಊರಿಗೆ ಹೊರಡಿ. ಮೊದಲು ಚಳ್ಳಕೆರೆಗೆ ಹೋಗಿ ಅಮ್ಮನಿಗೆ ವಿಷಯ ಹೇಳಿ. ಮಾರನೆಯ ದಿನ ಮೊಳಕಾಲ್ಮುರಿಗೆ ನೀವೇ ಹೋಗಿ, ಅವನು ಬರಲಿ ಅಂತ ಕಾಯಬೇಡಿ. ಹಿರಿಯರಾದ ನೀವು ಕಿರಿಯನ ಮನೆಗೆ ಹೋದರೆ ನಿಮ್ಮ ಹಿರಿತನ ಕಡಿಮೆಯಾಗುವುದಿಲ್ಲ. ಮಗ್ಗದ ಮನೆ ಮಾರಿದ ಕಾಗದ, ಖರ್ಚಿನ ಚೀಟಿ ಎಲ್ಲ ಜೊತೆಗಿರಲಿ. ಬೋಧನೆ, ವಾದ ಏನೂ ಬೇಡ. ಅವನ ಪಾಲು ಅವನ ಕೈಗೆ ಕೊಟ್ಟು, "ತಡ ಆಯ್ತು, ತಪ್ಪು ನನ್ನದು, ಅಪ್ಪನ ತಿಥಿಗೆ ಬಾ" ಅನ್ನಿ. ಒಟ್ಟಿಗೆ ಕೊಡಲು ಕೈಯಲ್ಲಿ ಇಲ್ಲದಿದ್ದರೆ ಎಷ್ಟು ತಿಂಗಳಲ್ಲಿ ಕೊಡುತ್ತೀರಿ ಅಂತ ಬರೆದುಕೊಟ್ಟು ಬನ್ನಿ.

ಅವನು ಒಪ್ಪದಿದ್ದರೆ? ಸಿಟ್ಟಿನಲ್ಲಿ ಬಾಗಿಲು ಹಾಕಿಕೊಂಡರೆ? ಆಗಲೂ ನಿಮ್ಮ ಕೆಲಸ ಆದ ಹಾಗೆ. ಹೋಗುವುದು ನಿಮ್ಮ ಕೈಯಲ್ಲಿದೆ, ಅವನ ಮನಸ್ಸು ಕರಗಿಸುವುದು ನಿಮ್ಮ ಕೈಯಲ್ಲಿಲ್ಲ. ಪಾಲು ಕೊಟ್ಟು ಬಂದು ತಿಥಿ ಮಾಡಿ. ಆಗ ಎಡೆ ಶುದ್ಧವಾಗಿರುತ್ತದೆ.

ತಿಥಿಯ ದಿನ ನೀವು ತರ್ಪಣ ಬಿಡುವಾಗ ತಮ್ಮ ಅಮ್ಮನ ಪಕ್ಕ ಕೂತು ತನ್ನ ರೀತಿಯಲ್ಲಿ ಮೌನವಾಗಿ ಪ್ರಾರ್ಥಿಸಲಿ. ಒಂದೇ ಮನೆಯಲ್ಲಿ ಒಬ್ಬ ತಂದೆಗೆ ಎರಡು ರೀತಿಯ ನಮಸ್ಕಾರ ನಡೆಯಬಹುದು. ಶ್ರದ್ಧೆಯಿಂದ ಮಾಡುವುದೇ ಶ್ರಾದ್ಧ ಅಂತ ಹಿರಿಯರು ಹೇಳಿದ್ದಾರೆ. ಈ ವರ್ಷ ಆ ಶ್ರದ್ಧೆ ಮೊಳಕಾಲ್ಮುರಿನ ಬಸ್ಸು ಹತ್ತುವುದರಿಂದ ಶುರುವಾಗಲಿ. ಅಮ್ಮ ದೀಪ ಹಚ್ಚಲಿ. ನಿಮ್ಮ ಇಬ್ಬರಿಗೂ, ಅವರ ಮನೆಯವರಿಗೂ ಶುಭವಾಗಲಿ.